ಏಳು ಬೀದಿಯ ಆಯಮ್ಮ

ಆ ವರ್ಷ ಶಾಲೆ ತೆರೆದ ದಿನ ಒಂದನೇ ತರಗತಿಯಿಂದ ಏಳರವರೆಗೆ ಎಲ್ಲ ಸೇರಿ ಬಂದ ಮಕ್ಕಳು ಹತ್ತೊಂಬತ್ತು. ಆಯಮ್ಮ ಹಿಂದಿನ ದಿನವೇ ಬಂದು ನಲವತ್ತು ಬೆಂಚುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ಮಧ್ಯಾಹ್ನ ಹೆಡ್ ಮೇಡಂ ಆಯಮ್ಮನನ್ನು ಕರೆದು, ಶಿಕ್ಷಣ ಇಲಾಖೆಯಿಂದ ಬಂದಿದ್ದ ಕಾಗದವನ್ನು ಓದಿ ಹೇಳಿದರು. ಮೂರು ವರ್ಷದೊಳಗೆ ಮಕ್ಕಳ ಸಂಖ್ಯೆ ಮೂವತ್ತು ಮುಟ್ಟದಿದ್ದರೆ ಈ ಶಾಲೆಯನ್ನು ಮುಚ್ಚಿ, ಇರುವ ಮಕ್ಕಳನ್ನು ರೈಲು ಹಳಿಯಾಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರೆ.

"ಮಕ್ಕಳೇ ಇಲ್ಲದ ಮೇಲೆ ಶಾಲೆ ಯಾಕೆ ಅಂತ ಅವರು ಕೇಳೋದೂ ಸರಿಯೇ ಅಲ್ವಾ ಆಯಮ್ಮ?" ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕೇಳೋದು ಸರಿ ಮೇಡಂ. ಇದ್ದ ಮಕ್ಕಳು ಎಲ್ಲಿ ಹೋದ್ರು ಅಂತ ಮಾತ್ರ ಯಾರೂ ಕೇಳ್ಲಿಲ್ಲ," ಎಂದರು ಆಯಮ್ಮ.

ಆಗ ಅವರಿಗೆ ಐವತ್ತೆರಡು ವರ್ಷ. ಹುಟ್ಟಿದ್ದು ಇಲ್ಲಿಯೇ, ಕಾಲೇಜು ಗುಡ್ಡದ ಕೆಳಗಿನ ಈ ಏಳು ಬೀದಿಗಳಲ್ಲಿ ಎರಡನೆಯದರಲ್ಲಿ. ಏಳನೆಯವರೆಗೆ ಓದಿದ್ದು ಇದೇ ಶಾಲೆಯಲ್ಲಿ. ಇಪ್ಪತ್ನಾಲ್ಕಕ್ಕೆ ಇಲ್ಲಿಯೇ ಆಯಾ ಆಗಿ ಸೇರಿದರು. ಗೇಟು ತೆಗೆಯುವುದು, ಕಸ ಗುಡಿಸುವುದು, ಗಂಟೆ ಹೊಡೆಯುವುದು, ಚಿಕ್ಕವರ ಮೂಗು ಒರೆಸುವುದು, ತಪ್ಪಾಗಿ ಹಾಕಿಕೊಂಡ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕುವುದು, ಬಿದ್ದವರ ಮೊಣಕಾಲಿಗೆ ಔಷಧಿ ಹಚ್ಚುವುದು ಅವರ ಕೆಲಸ. ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ಗಂಟಲು. ಯಾವ ಮಗುವಿಗಾದರೂ ಜ್ವರ ಬಂದರೆ ಕಂಕುಳಲ್ಲಿ ಎತ್ತಿಕೊಂಡು ಹೋಗಿ ಮನೆ ಮುಟ್ಟಿಸಿ ಬರುತ್ತಿದ್ದರು. ಹೀಗಾಗಿ ಏಳು ಬೀದಿಯ ಮನೆಗಳ ಒಳಗೆಲ್ಲ ಅವರು ಓಡಾಡಿದ್ದರು. ನಮ್ಮ ಮನೆಯ ಅಟ್ಟದಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು ಎಂದರೆ ಸುಳ್ಳಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆ ಹತ್ತರಲ್ಲಿ ಒಂಬತ್ತು ತಮಾಷೆ. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು.

ಆಯಮ್ಮ ಸೇರಿದಾಗ ಶಾಲೆಯಲ್ಲಿ ನೂರ ಅರವತ್ತು ಮಕ್ಕಳಿದ್ದರು. ಆಗ ಗುಡ್ಡದ ಮೇಲಿನ ಕಾಲೇಜಿಗೆ ಓದಲು ಬರುವವರು ಕಡಿಮೆ. ಒಬ್ಬಿಬ್ಬರು ಯಾರದೋ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಿದ್ದರು, ಮನೆಯವರ ಜೊತೆಗೇ ಉಣ್ಣುತ್ತಿದ್ದರು, ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಆಮೇಲೆ ಕಾಲೇಜಿಗೆ ಸಾಲು ಸಾಲು ಹೊಸ ಕೋರ್ಸುಗಳು ಬಂದವು. ಓದುವವರು ಐದು ಸಾವಿರ ಆದರು, ಹಾಸ್ಟೆಲ್ ಮಾತ್ರ ಹಳೆಯದೊಂದೇ. ಉಳಿದವರೆಲ್ಲ ಕೆಳಗಿಳಿದು ನಮ್ಮ ಬೀದಿಗಳಿಗೆ ಬಂದರು. ಮನೆಗಳ ನಡುಮನೆಗೆ ಅಡ್ಡಲಾಗಿ ಪ್ಲೈವುಡ್ ಗೋಡೆ ಎದ್ದಿತು. ಒಂದು ಕಿಟಕಿಯನ್ನು ಎರಡು ಕೋಣೆಗಳು ಹಂಚಿಕೊಂಡವು. ಅಡುಗೆಮನೆಗೆ ಮಂಚ ಬಂತು, ಸ್ನಾನದ ಮನೆಯ ಮುಂದೆ ಬೆಳಿಗ್ಗೆ ಸರದಿ ನಿಂತಿತು. ಒಂದು ಹೊಸ್ತಿಲಿಗೆ ಹನ್ನೊಂದು ಬೀಗ. ಬಾಡಿಗೆಗಿದ್ದ ಸಂಸಾರಗಳನ್ನು ಮನೆಯವರೇ ಬಿಡಿಸಿದರು, ಸ್ವಂತ ಮನೆಯಿದ್ದವರು ಮನೆಯನ್ನು ಕೋಣೆಗಳಾಗಿ ಒಡೆದು ತಾವು ದೂರದ ಬಡಾವಣೆಗೆ ಹೋದರು. ಸಂಸಾರಗಳ ಹಿಂದೆ ಮಕ್ಕಳ ಡಾಕ್ಟರೂ ಹೋದರು, ಸಮವಸ್ತ್ರ ಹೊಲಿಯುವ ಟೇಲರೂ ಹೋದ. ಪುಸ್ತಕದ ಅಂಗಡಿ ಜೆರಾಕ್ಸ್ ಅಂಗಡಿಯಾಯಿತು.

ಹಾಗೆ ಹೋದವರಲ್ಲಿ ಆಯಮ್ಮನ ತಮ್ಮನೂ ಒಬ್ಬ. ಪೇಂಟ್ ಅಂಗಡಿ ಇಟ್ಟುಕೊಂಡಿದ್ದ. ತಾಯಿ ತೀರಿಹೋದ ಮೇಲೆ ಮನೆ ಎರಡು ಪಾಲಾಗಿ, ಹಿಂದಿನ ಎರಡು ಕೋಣೆ ಅಕ್ಕನಿಗೂ ಮುಂದಿನ ಭಾಗ ಮತ್ತು ಮಹಡಿ ತಮ್ಮನಿಗೂ ಬಂದಿದ್ದವು. ಅವನು ತನ್ನ ಪಾಲನ್ನು ಒಂಬತ್ತು ಕೋಣೆ ಮಾಡಿ, ಹೆಂಡತಿ ಮಕ್ಕಳೊಂದಿಗೆ ಊರಾಚೆ ಹೊಸ ಮನೆಗೆ ಹೋಗಿಬಿಟ್ಟ. ಅಕ್ಕ ಮಲಗುವ ಕೋಣೆಗೂ ಅವನ ಒಂಬತ್ತನೆಯ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆಚೆ ಯಾರಾದರೂ ಮಗ್ಗುಲು ಬದಲಿಸಿದರೆ ಈಚೆ ಕೇಳುತ್ತಿತ್ತು.

ಇಲಾಖೆಯ ಕಾಗದ ಬಂದ ಮರು ತಿಂಗಳು, ಏಳನೇ ಬೀದಿಯ ಕೊನೆಯಲ್ಲಿದ್ದ ಪಾಳುಬಿದ್ದ ನೂಲಿನ ಗಿರಣಿಯ ಗೋಡೆಗೆ ನಗರಸಭೆಯವರು ಒಂದು ನೋಟಿಸು ಅಂಟಿಸಿದರು. ಗಿರಣಿಯ ಜಾಗದಲ್ಲಿ ಕಂಪನಿಯೊಂದು ಎಂಟು ಮಹಡಿಯ ಕಟ್ಟಡ ಕಟ್ಟುತ್ತದೆ, ಒಂಬೈನೂರು ವಿದ್ಯಾರ್ಥಿಗಳಿಗೆ ವಸತಿ, ಆಕ್ಷೇಪಣೆ ಇರುವವರು ಎರಡು ತಿಂಗಳೊಳಗೆ ತಿಳಿಸಬಹುದು.

ಏಳು ಬೀದಿಯೂ ಭುಗಿಲೆದ್ದಿತು. ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರು ಮುಂದೆ ನಿಂತು ಸಭೆ ಕರೆದರು. ಸಭೆ ನಡೆದದ್ದು ಶಾಲೆಯ ಹಾಲಿನಲ್ಲಿ. ಕುರ್ಚಿ ಹಾಕಿದವರು ಆಯಮ್ಮ.

"ಇರೋ ಹುಡುಗರ ಗಲಾಟೆಗೇ ನಿದ್ದೆ ಇಲ್ಲ. ಇನ್ನು ಒಂಬೈನೂರು ಜನ ಬಂದ್ರೆ ನಾವು ಇಲ್ಲಿ ಬಾಳೋಕಾಗುತ್ತಾ?" ಎಂದು ಮೇಷ್ಟ್ರು ಕೇಳಿದರು. ಎಲ್ಲರೂ ತಲೆದೂಗಿದರು. ವಿರೋಧಿಸುವವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಕೋಣೆ ಬಾಡಿಗೆಯ ಮಾಲೀಕರು ಎರಡೂ ಕೈ ಎತ್ತಿದ್ದರು. ಇವರೆಲ್ಲ ಊರಾಚೆಯ ಬಡಾವಣೆಯಿಂದ ಕಾರಿನಲ್ಲಿ ಬಂದು ನಮ್ಮ ಬೀದಿಯ ನೆಮ್ಮದಿಗಾಗಿ ಕೂಗಾಡುತ್ತಿದ್ದದ್ದು ಆಗ ನಮಗೆ ಯಾರಿಗೂ ವಿಚಿತ್ರ ಎನಿಸಲಿಲ್ಲ. ಆಯಮ್ಮನಿಗೆ ಎನಿಸಿತ್ತು. ಆ ಗುಂಪಿನಲ್ಲಿ ಅವರ ತಮ್ಮನೂ ಇದ್ದ.

ಆ ರಾತ್ರಿ ಊಟ ಮಾಡುವಾಗ ಆಯಮ್ಮ ಗಂಡನನ್ನು ಕೇಳಿದರು. "ಏನ್ರೀ, ಒಂಬೈನೂರು ಜನ ಹುಡುಗರು ಆ ಕಟ್ಟಡಕ್ಕೆ ಬರ್ತಾರಲ್ಲ, ಎಲ್ಲಿಂದ ಬರ್ತಾರೆ?"

"ಆಕಾಶದಿಂದಂತೂ ಉದುರಲ್ಲ."

"ಅದೇ ನಾನೂ ಅಂದ್ಕೊಂಡೆ," ಎಂದು ಆಯಮ್ಮ ತಟ್ಟೆ ಬದಿಗಿಟ್ಟು ಎದ್ದರು. ಪ್ಲೈವುಡ್ ಹಲಗೆಯ ಆಚೆ ಯಾರೋ ಕೆಮ್ಮುತ್ತಿದ್ದರು.

ಕೆಮ್ಮುತ್ತಿದ್ದವಳು ಒಂಬತ್ತನೆಯ ಕೋಣೆಯ ಹುಡುಗಿ. ಭೂಗೋಳದಲ್ಲಿ ಎಂ.ಎ. ಓದುತ್ತಿದ್ದಳು. ಕೋಣೆಗೆ ಕಿಟಕಿಯಿಲ್ಲ, ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತಿತ್ತು, ಗೋಡೆಯ ಬುಡದಲ್ಲಿ ತೇವ. ಮರುದಿನ ಸಂಜೆ ಆಯಮ್ಮ ಅವಳಿಗೆ ಬಿಸಿನೀರು ಕೊಟ್ಟು, ಎದುರು ಕೂತು ಕೇಳಿದರು.

"ಗಿರಣಿ ಜಾಗದಲ್ಲಿ ಕಟ್ತಾರಂತಲ್ಲ, ಅಲ್ಲಿ ಕೋಣೆ ಸಿಕ್ಕಿದ್ರೆ ಹೋಗ್ತೀಯೇನಮ್ಮಾ?"

"ಇವತ್ತು ಸಿಕ್ಕಿದ್ರೆ ಇವತ್ತೇ ಹೋಗ್ತೀನಿ ಆಂಟಿ. ಅಲ್ಲಿ ಕಿಟಕಿ ಇರುತ್ತಂತೆ."

"ಇಲ್ಲಿ ಇನ್ನೂ ಎಂಟು ಜನ ಇದ್ದಾರಲ್ಲ, ಅವರು?"

"ನನಗಿಂತ ಮುಂಚೆ ಓಡ್ತಾರೆ. ಇಲ್ಲಿ ಇಷ್ಟಪಟ್ಟು ಯಾರಿದ್ದಾರೆ?"

ಇದಾದ ಮೇಲೆ ಆಯಮ್ಮ ಸುಮ್ಮನೆ ಕೂರಲಿಲ್ಲ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಹತ್ತು ಮನೆಯಂತೆ ಏಳು ಬೀದಿಯ ಬಾಗಿಲುಗಳನ್ನೂ ತಟ್ಟಿದರು. ಹುಡುಗಿ ಜೊತೆಗೆ ಹೋದಳು. ಎಷ್ಟು ಕೋಣೆ, ಎಷ್ಟು ಜನ, ಬೇರೆ ಕಡೆ ಒಳ್ಳೆಯ ಕೋಣೆ ಸಿಕ್ಕರೆ ಹೋಗುತ್ತೀರಾ, ಇಷ್ಟೇ ಪ್ರಶ್ನೆ. ಹುಡುಗರು ಮೊದಲು ಅನುಮಾನದಿಂದ ನೋಡಿದರು. ಆಮೇಲೆ ತಾವಾಗಿಯೇ ಕರೆದು ತಮ್ಮ ಕೋಣೆಯ ಸೋರುವ ಮೂಲೆಗಳನ್ನು ತೋರಿಸಿದರು. ಮಕ್ಕಳಿಲ್ಲದೆ ಮುಚ್ಚಿಟ್ಟಿದ್ದ ಆರನೇ ತರಗತಿಯ ಕೋಣೆಯಲ್ಲಿ ಗೋಡೆಯಗಲದ ಕರಿಹಲಗೆ ಇತ್ತು. ಪ್ರತಿದಿನ ಬೆಳಿಗ್ಗೆ ಬೇಗ ಬಂದು ಆಯಮ್ಮ ಅದರ ಮೇಲೆ ಹಿಂದಿನ ದಿನ ನೋಡಿದ ಮನೆಗಳನ್ನು ಚೌಕ ಚೌಕವಾಗಿ ಬರೆಯುತ್ತಿದ್ದರು. ಸಂಸಾರವಿರುವ ಮನೆಗೆ ಬಿಳಿ ಸೀಮೆಸುಣ್ಣ. ಕೋಣೆಗಳಾಗಿ ಒಡೆದ ಮನೆಗೆ ಕೆಂಪು.

ಮೂರು ವಾರದ ಮೇಲೆ ಒಂದು ದಿನ ಹೆಡ್ ಮೇಡಂ ಯಾವುದೋ ಹಳೆಯ ನಕ್ಷೆ ಹುಡುಕುತ್ತ ಆ ಕೋಣೆಗೆ ಬಂದರು, ಬಾಗಿಲಲ್ಲೇ ನಿಂತುಬಿಟ್ಟರು. ಇನ್ನೂರ ಹದಿನಾಲ್ಕು ಮನೆಗಳಲ್ಲಿ ನೂರ ಮೂವತ್ತೆಂಟು ಕೆಂಪಾಗಿದ್ದವು.

"ಇದೇನು ಆಯಮ್ಮ?"

"ಮಕ್ಕಳು ಇಲ್ಲಿಂದ ಹೋದ್ರು ಮೇಡಂ." ಆಯಮ್ಮ ಕೆಂಪು ಚೌಕಗಳ ಮೇಲೆ ಬೆರಳಿಟ್ಟು ತೋರಿಸುತ್ತ ಹೋದರು. "ಈ ಮನೇಲಿ ಮೂರು ಮಕ್ಕಳಿದ್ರು. ಇಲ್ಲಿ ಅವಳಿ ಹೆಣ್ಣುಮಕ್ಕಳು. ಇಲ್ಲಿ ಒಬ್ಬ ಇದ್ದ, ಸೀಮೆಸುಣ್ಣ ತಿನ್ನೋನು. ಕಾಲೇಜಿನ ಹುಡುಗರು ಕೆಟ್ಟೋರೇನಲ್ಲ. ಅವರಿಗೆ ಇರೋಕೆ ಬೇರೆ ಜಾಗ ಇಲ್ಲ, ಅದಕ್ಕೆ ನಮ್ಮ ಮಕ್ಕಳ ಜಾಗದಲ್ಲಿ ಇದ್ದಾರೆ. ಅವರಿಗೆ ಅಂತಾನೇ ಒಂದು ಮನೆ ಆಗ್ಲಿ. ನಮ್ಮ ಮನೆಗಳು ನಮಗೆ ಬರ್ಲಿ."

ಹೆಡ್ ಮೇಡಂ ಬಹಳ ಹೊತ್ತು ಕರಿಹಲಗೆ ನೋಡಿದರು. ಇಪ್ಪತ್ತು ವರ್ಷದಿಂದ ತಾನು ಆಯಮ್ಮನಿಗೆ ಬರೀ ಕಸ ಗುಡಿಸುವ ಕೆಲಸ ಹೇಳುತ್ತಿದ್ದೆನಲ್ಲ ಎಂದು ಆ ಹೊತ್ತಿನಲ್ಲಿ ನಾಚಿಕೆಯಾಯಿತು ಎಂದು ಮುಂದೊಮ್ಮೆ ನನ್ನ ಬಳಿ ಹೇಳಿದ್ದರು.

ಸುದ್ದಿ ಹರಡಲು ಎರಡು ದಿನವೂ ಬೇಕಾಗಲಿಲ್ಲ. ಮೇಷ್ಟ್ರು ಆಯಮ್ಮನನ್ನು ಶಾಲೆಯ ಗೇಟಿನ ಬಳಿಯೇ ತಡೆದು ನಿಲ್ಲಿಸಿದರು. "ಊರಿಗೆಲ್ಲ ಒಂದು ದಾರಿಯಾದ್ರೆ ನಿನಗೇ ಒಂದು ದಾರಿಯೇನಮ್ಮಾ? ಕಂಪನಿಯೋರು ಲಾಭಕ್ಕೆ ಕಟ್ತಾರೆ. ನೀನು ಅವರ ಪರ ಮಾತಾಡ್ತೀಯಾ?"

"ಅವರು ಲಾಭಕ್ಕೇ ಕಟ್ಲಿ ಮೇಷ್ಟ್ರೇ. ನಮಗೆ ಏನು ಬೇಕೋ ಅದನ್ನ ನಾವು ಕೇಳಿ ಇಸ್ಕೊಳ್ಳೋಣ. ಬೇಡ ಅಂತ ಬಾಗಿಲು ಹಾಕಿದ್ರೆ ಇರೋದು ಹೀಗೇ ಇರುತ್ತೆ."

ತಮ್ಮ ಬಂದದ್ದು ಭಾನುವಾರ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?"

"ಒಳಗೆ ಬಾ. ಕೂತು ಮಾತಾಡು."

"ಕೂರೋಕೆ ಬಂದಿಲ್ಲ. ಹುಡುಗರೆಲ್ಲ ಅಲ್ಲಿಗೆ ಹೋದ್ರೆ ನನ್ನ ಕೋಣೆ ಯಾರು ಹಿಡೀತಾರೆ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನೀನೇ."

ಆಯಮ್ಮ ಎದ್ದು ಹೋಗಿ ತಮ್ಮನ ಕೈ ಹಿಡಿದು ಒಂಬತ್ತನೆಯ ಕೋಣೆಗೆ ಕರೆದುಕೊಂಡು ಹೋದರು. ಹುಡುಗಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದಳು, ಕೀಲಿಯನ್ನು ಆಯಮ್ಮನ ಬಳಿಯೇ ಬಿಟ್ಟಿದ್ದಳು. "ಬಾಗಿಲು ಹಾಕ್ಕೊಂಡು ಒಂದು ಗಂಟೆ ಇಲ್ಲಿ ಕೂತಿರು. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ."

ತಮ್ಮ ಒಳಗೆ ಕಾಲಿಟ್ಟ, ಮೂಗು ಮುಚ್ಚಿಕೊಂಡು ಹೊರಗೆ ಬಂದ. "ಇಷ್ಟು ತೇವ ಇದೆ ಅಂತ ನನಗೆ ಯಾರು ಹೇಳಿದ್ರು?" ಎಂದು ಗೊಣಗಿದ. ಆದರೂ ಒಪ್ಪಲಿಲ್ಲ. ಹೋಗುವಾಗ ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಹೋದ. ಆಯಮ್ಮ ಅತ್ತದ್ದನ್ನು ಅವರ ಗಂಡ ನೋಡಿದ್ದು ಅವತ್ತೊಂದೇ ದಿನವಂತೆ.

ನಗರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರ ಅಹವಾಲು ಕೇಳುವ ದಿನ ಕೂರಲು ಜಾಗವಿರಲಿಲ್ಲ. ಆಯುಕ್ತರಿಗೆ ನೆಗಡಿಯಾಗಿತ್ತು, ಕರವಸ್ತ್ರ ಮೂಗಿನಿಂದ ತೆಗೆಯದೆ ಒಬ್ಬೊಬ್ಬರದೇ ಮಾತು ಕೇಳುತ್ತಿದ್ದರು. ಪಕ್ಕದಲ್ಲಿ ಕಟ್ಟುವ ಕಂಪನಿಯ ಎಂಜಿನಿಯರಮ್ಮ ಕೂತಿದ್ದರು. ಮೇಷ್ಟ್ರು ಇಪ್ಪತ್ತು ನಿಮಿಷ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಕೋಣೆ ಮಾಲೀಕರು ಚಪ್ಪಾಳೆ ತಟ್ಟಿದರು. ಆಮೇಲೆ ಹಿಂದಿನಿಂದ ಆಯಮ್ಮ ಎದ್ದರು. ಹುಡುಗಿ ಮತ್ತು ಹೆಡ್ ಮೇಡಂ ಇಬ್ಬರೂ ಸೇರಿ ಕರಿಹಲಗೆಯ ನಕ್ಷೆಯನ್ನು ಎಂಟು ಚಾರ್ಟ್ ಹಾಳೆಗೆ ಇಳಿಸಿ ಅಂಟಿಸಿದ್ದರು. ಅದನ್ನು ಬಿಡಿಸಿ ಹಿಡಿದಾಗ ಅದು ಗೋಡೆಯಷ್ಟಾಯಿತು.

"ತಾವು ಯಾರು?" ಎಂದರು ಆಯುಕ್ತರು.

"ನಾನು ಶಾಲೆ ಆಯಾ ಸಾರ್."

ಕೆಲವರು ನಕ್ಕರು. ಆಯಮ್ಮ ನಗು ನಿಲ್ಲುವವರೆಗೂ ಕಾದರು. ಗದ್ದಲದ ತರಗತಿಯ ಮುಂದೆ ನಿಂತು ಕಾಯುವುದು ಅವರಿಗೆ ಹೊಸದೇನೂ ಆಗಿರಲಿಲ್ಲ.

"ಕೆಂಪು ಬಣ್ಣದ ಮನೆಗಳಲ್ಲಿ ಸಾವಿರದ ನೂರು ಹುಡುಗ ಹುಡುಗಿಯರು ಇದ್ದಾರೆ ಸಾರ್. ಒಬ್ಬೊಬ್ಬರನ್ನೂ ಕೇಳಿದ್ದೀವಿ. ಎಂಟುನೂರಕ್ಕೂ ಮೇಲೆ ಜನ, ಕಿಟಕಿ ಇರೋ ಕೋಣೆ ಸಿಕ್ಕಿದ್ರೆ ನಾಳೆನೇ ಹೋಗ್ತೀವಿ ಅಂತಾರೆ. ಅಂದ್ರೆ ಹೊಸದಾಗಿ ಒಂಬೈನೂರು ಜನ ಬರಲ್ಲ. ಇರೋರೇ ಈ ಬೀದಿಯಿಂದ ಆ ಕಟ್ಟಡಕ್ಕೆ ಹೋಗ್ತಾರೆ. ಹೋದ ಮೇಲೆ ಈ ಮನೆಗಳಿಗೆ ಯಾರು ಬರಬೇಕು ಅನ್ನೋದು ಪ್ರಶ್ನೆ."

ಆಯುಕ್ತರು ಕರವಸ್ತ್ರ ಜೇಬಿಗಿಟ್ಟು ವೇದಿಕೆಯಿಂದ ಇಳಿದು ಬಂದು ನಕ್ಷೆಯ ಮುಂದೆ ನಿಂತರು.

"ಇದನ್ನ ನಮ್ಮ ಆಫೀಸಿನೋರು ಮಾಡಬೇಕಿತ್ತು," ಎಂದರು.

"ಮಾಡ್ಲಿಲ್ಲ ಸಾರ್, ಅದಕ್ಕೆ ನಾವು ಮಾಡಿದ್ವಿ. ನಮ್ಮದು ಮೂರು ಮಾತಿದೆ. ಕಟ್ಟಡದ ಬಾಗಿಲು ದೊಡ್ಡ ರಸ್ತೆ ಕಡೆ ಇರ್ಲಿ, ನಮ್ಮ ಬೀದಿ ಕಡೆ ಬೇಡ. ಗಿರಣಿ ಹಿಂದಿನ ಬಯಲನ್ನ ಕಟ್ಟದೆ ಶಾಲೆ ಮಕ್ಕಳು ಆಡೋಕೆ ಬಿಡ್ಲಿ. ಮೂರನೇದು ನಿಮಗೆ. ಕಟ್ಟಡ ತೆರೆದ ಮೇಲೆ ಕಿಟಕಿ ಇಲ್ಲದ ಕೋಣೆ ಬಾಡಿಗೆಗೆ ಕೊಡಬಾರದು, ಪರವಾನಗಿ ಇಲ್ಲದೆ ಮನೆಯೊಳಗೆ ಪ್ಲೈವುಡ್ ನಿಲ್ಲಿಸಬಾರದು ಅಂತ ನೀವು ಆದೇಶ ಮಾಡಬೇಕು."

"ಇದು ನಮ್ಮ ಮೇಲೆ ಗುರಿ ಇಟ್ಟು ಹೇಳ್ತಿರೋದು," ಎಂದು ಮಾಲೀಕರ ಸಾಲಿನಿಂದ ಒಬ್ಬರು ಎದ್ದು ನಿಂತರು.

"ನಾನು ಯಾರ ಹೆಸರೂ ಹೇಳ್ಲಿಲ್ಲ ಸ್ವಾಮಿ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀರಿ?"

ಈ ಸಲ ಇಡೀ ಸಭೆಯೇ ನಕ್ಕಿತು. ಮೇಷ್ಟ್ರ ತುಟಿಯೂ ಅಲುಗಿದ್ದನ್ನು ನಾನು ನೋಡಿದೆ. ಎಂಜಿನಿಯರಮ್ಮ ನಕ್ಷೆಯ ಒಂದು ಚಿತ್ರ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಆರು ವಾರದ ಮೇಲೆ ಆದೇಶ ಹೊರಬಿತ್ತು. ಕಟ್ಟಡಕ್ಕೆ ಅನುಮತಿ ಸಿಕ್ಕಿತ್ತು, ಮೂರು ಮಾತೂ ಅದರೊಳಗಿದ್ದವು. ಮಹಡಿ ಎಂಟರಿಂದ ಏಳಕ್ಕೆ ಇಳಿದಿತ್ತು.

ಅಲ್ಲಿಂದ ಮುಂದಿನ ಎರಡು ವರ್ಷ ಆಯಮ್ಮನ ಬಾಳಿನಲ್ಲೇ ಕಷ್ಟದ ಕಾಲ. ಕಟ್ಟಡದ ಧೂಳು ಬೀದಿಗಳನ್ನೆಲ್ಲ ಮುಚ್ಚಿತು. ಯಂತ್ರದ ಸದ್ದಿಗೆ ತರಗತಿಯಲ್ಲಿ ಪಾಠ ಕೇಳಿಸುತ್ತಿರಲಿಲ್ಲ. ಉಳಿದಿದ್ದ ಸಂಸಾರಗಳಲ್ಲಿ ಇನ್ನೆರಡು ಹೊರಟುಹೋದವು. ಮಕ್ಕಳು ಹತ್ತೊಂಬತ್ತರಿಂದ ಹದಿನಾರಕ್ಕೆ ಇಳಿದರು. ತರಕಾರಿ ಅಂಗಡಿಯಲ್ಲಿ ಯಾರಾದರೊಬ್ಬರು, "ಏನು ಆಯಮ್ಮ, ಮಕ್ಕಳ ಬೆಳೆ ಈ ವರ್ಷ ಹೇಗಿದೆ?" ಎಂದು ಕೇಳದೆ ಬಿಡುತ್ತಿರಲಿಲ್ಲ. "ಬಿತ್ತಿದ ಮಾರನೇ ದಿನವೇ ಕೊಯ್ಯೋಕಾಗುತ್ತಾ?" ಎಂದು ಆಯಮ್ಮ ಚೀಲ ತುಂಬಿಸಿಕೊಂಡು ಬರುತ್ತಿದ್ದರು. ತಮ್ಮನ ಸುಳಿವಿರಲಿಲ್ಲ. ಬಾಡಿಗೆ ವಸೂಲಿಗೆ ಬೇರೆ ಯಾರನ್ನೋ ಕಳಿಸುತ್ತಿದ್ದ.

ಮೂರನೆಯ ವರ್ಷ ಕಟ್ಟಡ ತೆರೆಯಿತು. ಹುಡುಗರು ಹಾಸಿಗೆ ತಲೆಯ ಮೇಲೆ ಹೊತ್ತು, ಪುಸ್ತಕ ಬಕೆಟ್ಟಿನಲ್ಲಿ ತುಂಬಿಕೊಂಡು, ಜಾತ್ರೆಗೆ ಹೊರಟವರ ಹಾಗೆ ಸಾಲು ಹಿಡಿದು ಹೋದರು. ಒಂಬತ್ತೇ ದಿನದಲ್ಲಿ ಏಳು ಬೀದಿ ಬಣಗುಟ್ಟಿತು. ಓದು ಮುಗಿಸಿ ಕಾಲೇಜಿನಲ್ಲೇ ಸಂಶೋಧನೆಗೆ ಸೇರಿದ್ದ ಒಂಬತ್ತನೆಯ ಕೋಣೆಯ ಹುಡುಗಿಗೆ ನಾಲ್ಕನೆಯ ಮಹಡಿಯಲ್ಲಿ ಜಾಗ ಸಿಕ್ಕಿತು. ಅವಳು ಕಿಟಕಿಯಿಂದ ಕೈಬೀಸಿ ಆಯಮ್ಮನನ್ನು ಕೂಗಿ ಕರೆದು ತೋರಿಸಿದಳು. ಕೆಳಗೆ ಬೀದಿಯಲ್ಲಿ ಮಾತ್ರ ಬಾಗಿಲು ಬಾಗಿಲಿಗೂ 'ಬಾಡಿಗೆಗೆ ಇದೆ' ಫಲಕ. ಶಾಲೆಯಲ್ಲಿ ಮಕ್ಕಳು ಇನ್ನೂ ಹದಿನಾರೇ. ಇಲಾಖೆ ಕೊಟ್ಟ ಗಡುವು ಮುಗಿದಿತ್ತು. ಹೆಡ್ ಮೇಡಂ ನಾಲ್ಕು ಸಲ ಕಚೇರಿ ಸುತ್ತಿ ಇನ್ನೊಂದೇ ಒಂದು ವರ್ಷ ಕೇಳಿ ತಂದರು.

ಮನೆಗಳು ಖಾಲಿಯಾದರೆ ಸಂಸಾರಗಳು ತಾವಾಗಿಯೇ ಬರುತ್ತವೆ ಎಂದು ಆಯಮ್ಮ ನಂಬಿದ್ದರು. ಬರಲಿಲ್ಲ. ಕೋಣೆಗಳಾಗಿ ಒಡೆದ ಮನೆಯಲ್ಲಿ ಯಾರು ಸಂಸಾರ ಹೂಡುತ್ತಾರೆ?

ಒಂದು ಸಂಜೆ ಆಯಮ್ಮ ಶಾಲೆಯಿಂದ ಬಂದಾಗ ಮುಂಬಾಗಿಲ ಮೆಟ್ಟಿಲ ಮೇಲೆ ತಮ್ಮ ಕೂತಿದ್ದ. ಒಂಬತ್ತು ಕೋಣೆಗಳೂ ಖಾಲಿಯಾಗಿದ್ದವು. ಆಯಮ್ಮ ಹೋಗಿ ಅವನ ಪಕ್ಕದಲ್ಲಿ ಕೂತರು. ಡಿಪೋದಿಂದ ಬಂದ ಭಾವ ಇಬ್ಬರನ್ನೂ ನೋಡಿ, "ಯಾರದಾದ್ರೂ ಬಸ್ ತಪ್ಪಿತಾ?" ಎಂದರು.

ತಮ್ಮ ನಕ್ಕುಬಿಟ್ಟ. ಎರಡು ವರ್ಷದ ಮುನಿಸು ಆ ನಗುವಿನಲ್ಲಿ ಅರ್ಧ ಹೋಯಿತು. "ಈಗ ನಾನೇನು ಮಾಡ್ಲಿ, ನೀನೇ ಹೇಳು ಅಕ್ಕ."

"ಅಮ್ಮ ಇದ್ದಾಗ ಮನೆ ಹೇಗಿತ್ತೋ ಹಾಗೆ ಮಾಡು. ಸಂಸಾರ ತರೋದು ನನ್ನ ಜವಾಬ್ದಾರಿ."

"ಬರದೇ ಇದ್ರೆ?"

"ಬರದೇ ಇದ್ರೆ ನಾನೂ ನಿನ್ನ ಪೇಂಟ್ ಅಂಗಡೀಲಿ ಡಬ್ಬ ಒರೆಸ್ಕೊಂಡು ಇರ್ತೀನಿ. ಶಾಲೆ ಮುಚ್ಚಿದ್ರೆ ನನಗೂ ಕೆಲಸ ಬೇಕಲ್ಲ."

ತಮ್ಮ ಎದ್ದು ಅಂಗಿಯ ತೋಳು ಮಡಚಿದ. ಆಮೇಲೆ ಕೇಳಿದ, "ಸುತ್ತಿಗೆ ಇದೆಯಾ ಭಾವ?"

ಎರಡು ದಿನ ಮೂವರೂ ಸೇರಿ ಪ್ಲೈವುಡ್ ಕಿತ್ತರು. ಕೊನೆಯ ಹಲಗೆ ಬಿದ್ದಾಗ ಮುಂದಿನ ಕಿಟಕಿಯ ಬಿಸಿಲು ನಡುಮನೆ ದಾಟಿ ಅಡುಗೆಮನೆಯ ಒಲೆಕಟ್ಟೆಯವರೆಗೆ ಬಂತು. ತಮ್ಮ ಧೂಳಿಗೆ ಸೀನುತ್ತ, ಬಿಸಿಲಲ್ಲಿ ನಿಂತು, "ಇಷ್ಟು ದೊಡ್ಡ ಮನೆಯೇನೇ ಅಕ್ಕ ನಮ್ಮದು?" ಎಂದು ಮತ್ತೆ ಮತ್ತೆ ಕೇಳಿದನಂತೆ. ಗೋಡೆಗೆ ಬಣ್ಣ ಅವನ ಅಂಗಡಿಯಿಂದಲೇ ಬಂತು.

ಆಡಿದ ಮಾತು ಉಳಿಸಿಕೊಳ್ಳಲು ಆಯಮ್ಮ ಮಾಡಿದ ಕೆಲಸವನ್ನು ಮನೆ ದಲ್ಲಾಳಿಗಳು ಇವತ್ತಿಗೂ ಮರೆತಿಲ್ಲ. ದೊಡ್ಡ ರಸ್ತೆಯಲ್ಲಿ ಆಸ್ಪತ್ರೆ ಇದೆ, ಅದರಾಚೆ ಬಸ್ ಡಿಪೋ, ಅಂಚೆ ಕಚೇರಿ. ಅಲ್ಲಿ ದುಡಿಯುವವರಲ್ಲಿ ಅರ್ಧಕ್ಕರ್ಧ ಜನ ಒಂದೂವರೆ ಗಂಟೆ ದೂರದಿಂದ ಬರುತ್ತಿದ್ದರು. ಪಾಳಿ ಬದಲಾಗುವ ಹೊತ್ತಿಗೆ ಆಯಮ್ಮ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತಿದ್ದರು. "ಮನೆ ಬೇಕೇನಮ್ಮಾ? ಇಲ್ಲಿಂದ ಹತ್ತು ನಿಮಿಷದ ದಾರಿ. ಬಾಗಿಲು ದಾಟಿದ್ರೆ ಶಾಲೆ." ಡಿಪೋದಲ್ಲಿ ಗಂಡ ಅದೇ ಮಾತನ್ನು ತಮ್ಮದೇ ಶೈಲಿಯಲ್ಲಿ ಹೇಳುತ್ತಿದ್ದರು: "ಮನೆ ಇದೆ, ಹೆಂಡತಿನ ಕೇಳಿ ಬಾ."

ಮೊದಲು ಬಂದವಳು ಒಬ್ಬ ನರ್ಸು. ಗಂಡ ಡಿಪೋದಲ್ಲಿ ಡ್ರೈವರ್, ಮೂರು ಮಕ್ಕಳು, ಅತ್ತೆ. ತಮ್ಮನ ಮನೆ ನೋಡಿ ಅವಳಿಗೆ ಹಿಡಿಸಿತು. ದಲ್ಲಾಳಿಗಳ ಅನುಭವವಿದ್ದ ಹೆಂಗಸು, ಹಿಂಜರಿಯುತ್ತ ಕೇಳಿದಳು.

"ನಿಮ್ಮ ಕಮಿಷನ್ ಎಷ್ಟು ಅಂತ ಹೇಳ್ಲಿಲ್ಲ?"

"ಮೂರು."

"ಮೂರು ಏನು, ಮೂರು ತಿಂಗಳ ಬಾಡಿಗೆಯಾ?"

"ಮೂರು ಮಕ್ಕಳು. ನಮ್ಮ ಶಾಲೆಗೆ ಹಾಕಿ, ಸಾಕು."

ಈ ಮಾತು ಆಸ್ಪತ್ರೆಯ ವಾರ್ಡಿನಿಂದ ವಾರ್ಡಿಗೆ ಹೋಯಿತು. ತಮ್ಮನ ಮನೆಯನ್ನು ನೋಡಿದ ಪಕ್ಕದ ಮಾಲೀಕರೂ ಸುತ್ತಿಗೆ ಹಿಡಿದರು. ಕಿಟಕಿಯಿಲ್ಲದ ಕೋಣೆಯನ್ನು ಬಾಡಿಗೆಗೆ ಕೊಡುವಂತಿಲ್ಲ, ಹುಡುಗರಂತೂ ಬರುವುದಿಲ್ಲ, ಇನ್ನೇನು ಮಾಡುತ್ತಾರೆ? ಆರು ತಿಂಗಳು ನಮ್ಮ ಬೀದಿಗಳಲ್ಲಿ ಕೇಳಿಬಂದದ್ದು ಬರೀ ಹಲಗೆ ಕೀಳುವ ಸದ್ದು. ಅವರಲ್ಲಿ ಯಾರೋ ಒಳ್ಳೆಯ ಪ್ಲೈವುಡ್ಡನ್ನು ಶಾಲೆಗೆ ಕೊಟ್ಟರು. ಭಾವ ಮೈದುನ ಸೇರಿ ಅದರಿಂದ ಮೊಣಕಾಲೆತ್ತರದ ಪುಸ್ತಕದ ಕಪಾಟುಗಳನ್ನು ಮಾಡಿದರು.

ಮುಂದಿನ ವರ್ಷ ಶಾಲೆ ತೆರೆದ ದಿನ ಆಯಮ್ಮ ಏಳೂವರೆಗೆ ಗೇಟಿಗೆ ಬಂದರೆ ಆಗಲೇ ಜನ ನಿಂತಿದ್ದರು. ಸಾಲು ಪುಸ್ತಕದ ಅಂಗಡಿಯವರೆಗೆ ಹೋಗಿ ತಿರುಗಿತ್ತು. ಜೆರಾಕ್ಸ್ ಅಂಗಡಿ ಅಷ್ಟರಲ್ಲಿ ಮತ್ತೆ ಪುಸ್ತಕ ಮಾರತೊಡಗಿತ್ತು. ಅಳುವ ಮಕ್ಕಳು, ಅಳುವವರನ್ನು ನೋಡಿ ನಗುವ ಮಕ್ಕಳು, ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಬಂದ ಒಬ್ಬಳು. ಹೆಡ್ ಮೇಡಂ ಒಬ್ಬರೇ ಬರೆಯುತ್ತ ಬರೆಯುತ್ತ ಕೈ ಸೋತು, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ ಆಯಮ್ಮನನ್ನು ಕೂರಿಸಿಕೊಂಡರು. ಸಂಜೆಗೆ ಐವತ್ತೊಂದು ಮಕ್ಕಳಾಗಿದ್ದರು. ಆರನೇ ತರಗತಿಯ ಕೋಣೆ ತೆರೆಯಬೇಕಾಯಿತು. ಅಲ್ಲಿನ ಕರಿಹಲಗೆಯ ಮೇಲಿನ ನಕ್ಷೆಯನ್ನು ಆಯಮ್ಮ ತಾವೇ ಒದ್ದೆ ಬಟ್ಟೆಯಲ್ಲಿ ಒರೆಸಿದರು. "ಮೇಡಂ, ಇನ್ನು ಇದರಲ್ಲಿ ಲೆಕ್ಕ ಬರೀಲಿ," ಎಂದರಂತೆ.

ಇಲಾಖೆಗೆ ನಂಬಿಕೆ ಬರಲಿಲ್ಲ. ಶಾಲೆ ಉಳಿಸಲು ಸುಳ್ಳು ಹೆಸರು ಬರೆದಿದ್ದಾರೆಂದು ಎಣಿಸಿ ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದರು. ಆಟದ ಹೊತ್ತಾದ್ದರಿಂದ ಮಕ್ಕಳೆಲ್ಲ ಗಿರಣಿಯ ಬಯಲಿನಲ್ಲಿದ್ದರು. ಮೊದಲ ಸಲ ಎಣಿಸಿದಾಗ ನಲವತ್ತೇಳು ಬಂತು, ಎರಡನೆಯ ಸಲ ಐವತ್ತೈದು. ಮಕ್ಕಳು ನಿಂತಲ್ಲಿ ನಿಂತರೆ ತಾನೇ. ಮೂರನೆಯ ಸಲ ಅವರು ಎಣಿಸುತ್ತಿದ್ದಾಗ ಚೆಂಡು ಬಂದು ಬೆನ್ನಿಗೆ ಬಿತ್ತು.

"ಸಾಕು ಬಿಡಿ," ಎಂದು ಅವರು ಪುಸ್ತಕ ಮುಚ್ಚಿದರು. "ಇನ್ನೊಬ್ಬ ಟೀಚರ್ ಬೇಕಾಗುತ್ತೆ. ಬರೆದು ಕಳಿಸ್ತೀನಿ."

ಎಲ್ಲವೂ ಎಲ್ಲರಿಗೂ ಒಳ್ಳೆಯದೇ ಆಯಿತೆಂದು ಹೇಳಿದರೆ ತಪ್ಪಾಗುತ್ತದೆ. ಹುಡುಗರಿಗೆ ಊಟ ಮಾಡಿ ಹಾಕಿ ಬದುಕುತ್ತಿದ್ದ ನಾಲ್ಕನೇ ಬೀದಿಯ ಹೆಂಗಸು ಗಿರಾಕಿಗಳಿಲ್ಲದೆ ಬೇರೆ ಕಡೆ ಹೋಗಬೇಕಾಯಿತು. ಆಯಮ್ಮನಿಗೆ ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಏಳು ಮಹಡಿಯ ಕಟ್ಟಡ ಮೇಷ್ಟ್ರ ಜಗುಲಿಯ ಸಂಜೆ ಬಿಸಿಲನ್ನು ಪೂರ್ತಿ ನುಂಗಿತು. ಅದನ್ನು ಅವರು ಆಯಮ್ಮನಿಗೆ ಸಿಕ್ಕಾಗಲೆಲ್ಲ ಹೇಳುತ್ತಾರೆ. ಆದರೆ ಬುಧವಾರ ಬುಧವಾರ ಶಾಲೆಗೆ ಬಂದು ಆರು ಏಳನೆಯವರಿಗೆ ಗಣಿತ ಹೇಳುವವರೂ ಅವರೇ. "ಕಟ್ಟಡವನ್ನ ನಾನು ಈಗಲೂ ಒಪ್ಪಿಲ್ಲ, ತಿಳ್ಕೋ," ಎಂದು ಒಳಗೆ ಬರುವಾಗ ಹೇಳುತ್ತಾರೆ. "ಒಪ್ಪಬೇಡಿ ಮೇಷ್ಟ್ರೇ, ಭಿನ್ನರಾಶಿ ಹೇಳಿಕೊಡಿ," ಎನ್ನುತ್ತಾರೆ ಆಯಮ್ಮ.

ಈಗ ಶಾಲೆಯಲ್ಲಿ ಎಂಬತ್ತಮೂರು ಮಕ್ಕಳಿದ್ದಾರೆ. ನನ್ನ ಮೊಮ್ಮಗಳು ಎರಡನೆಯ ತರಗತಿ. ಆಯಮ್ಮನ ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಮಕ್ಕಳು ಇಷ್ಟಾದ ಮೇಲೆ ಬೀದಿಯ ತಿರುವಿನಲ್ಲಿ ಗಾಡಿಗಳ ವೇಗ ಅವರ ಕಣ್ಣಿಗೆ ಬೀಳತೊಡಗಿದೆ. ಅಲ್ಲೊಂದು ರಸ್ತೆ ಉಬ್ಬು ಬೇಕೆಂದು ಕಳೆದ ತಿಂಗಳು ನಗರಸಭೆಗೆ ಹೋಗಿದ್ದರು. ಮೂರು ಹಾಳೆಯ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದರು. ಜೊತೆಗೆ ನಾನೂ ಹೋಗಿದ್ದೆ. ಕಾರಿಡಾರಿನ ತುದಿಯಲ್ಲಿ ನಮ್ಮನ್ನು ಕಂಡ ಜವಾನ ಆಯುಕ್ತರ ಕೋಣೆಯೊಳಗೆ ಇಣುಕಿ ಮೆಲ್ಲಗೆ ಏನೋ ಹೇಳಿದ. ನಾವು ಬಾಗಿಲು ಮುಟ್ಟುವಷ್ಟರಲ್ಲಿ ಒಳಗೆ ಯಾರೋ ಮೇಜಿನ ಮೇಲಿನ ಫೈಲುಗಳನ್ನೆಲ್ಲ ಒಂದು ಬದಿಗೆ ಸರಿಸಿ, ನಕ್ಷೆ ಹರಡಲು ಜಾಗ ಮಾಡುತ್ತಿದ್ದರು.